ಮೆಟ್ರೋ ನಿಂತ ಮೇಲೆ: ತುಮಕೂರಿನ ಐವರು ಬೆಂಗಳೂರಿನಲ್ಲಿ ಕಳೆದ ಒಂದು ಶನಿವಾರ ರಾತ್ರಿಯ ಪ್ರಕರಣ

ತುಮಕೂರಿಗೂ ಬೆಂಗಳೂರಿಗೂ ನಡುವೆ 70 ಕಿಲೋಮೀಟರ್. ಬೆಳಿಗ್ಗೆ ಬಸ್ಸು, ರೈಲು ಹಿಡಿದು ಕೆಲಸಕ್ಕೆ ಹೋಗಿ ಸಂಜೆ ಮನೆಗೆ ಬರುವಷ್ಟು ಹತ್ತಿರ. ಆದರೆ ರಾತ್ರಿ ಹನ್ನೊಂದು ದಾಟಿತೋ, ಮನೆ ಸೇರುವುದು ಹೇಗಪ್ಪಾ ಎಂದು ಯೋಚನೆಗೆ ಬೀಳುವಷ್ಟು ದೂರ. ರಾಮನಗರ, ಕೋಲಾರ, ಚಿಕ್ಕಬಳ್ಳಾಪುರದವರ ಪಾಡೂ ಹೆಚ್ಚುಕಡಿಮೆ ಇದೇ. ಬೆಂಗಳೂರಿನ ರಾತ್ರಿಜೀವನದ ಬಗ್ಗೆ ಆಗುವ ಚರ್ಚೆಯೆಲ್ಲ ಅಲ್ಲೇ ಮನೆಯಿದ್ದವರ ಕಣ್ಣಿನಿಂದ ಆಗುತ್ತದೆ. ಸಂಜೆ ಮನಸ್ಸು ಬಂದು ಪಕ್ಕದ ಊರಿಂದ ಹೊರಟುಬಂದವರಿಗೆ ಅದೇ ರಾತ್ರಿ ಹೇಗಿರುತ್ತದೆ ಎಂಬುದನ್ನು ಯಾರೂ ಕೂತು ಬರೆದದ್ದು ನಾನು ನೋಡಿಲ್ಲ. ಅದಕ್ಕಾಗಿ ಈ ಬರಹ. ಆ ಐವರಲ್ಲಿ ನಾನೂ ಒಬ್ಬಳು. ಉಳಿದ ನಾಲ್ವರ ಫೋನಿನಲ್ಲಿದ್ದ ಮೆಸೇಜು, ಫೋಟೋ ತೆಗೆದ ಸಮಯ, ಯುಪಿಐ ಲೆಕ್ಕ ಎಲ್ಲವನ್ನೂ ಕೇಳಿ ತಾಳೆ ನೋಡಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ.

ಹೊರಟಿದ್ದು

ಐವರೂ ತುಮಕೂರಿನಲ್ಲಿ ಒಂದೇ ಕಾಲೇಜಿನಲ್ಲಿ ಡಿಗ್ರಿ ಓದಿದವರು. ಒಬ್ಬ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಇನ್ನೊಬ್ಬನದು ಹೂವು ಬೆಳೆಯುವ ಮನೆ, ಅವನೇ ಈಗ ತೋಟ ನೋಡಿಕೊಳ್ಳುತ್ತಾನೆ. ಮೂರನೆಯವಳು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ನಾನು ಪಿಯು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಐದನೆಯವನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿ ಸೋಮವಾರ ಹೊರಡುವವನಿದ್ದ. ಅವನನ್ನು ಬೀಳ್ಕೊಡಲೆಂದೇ ಅಮಾನಿಕೆರೆ ಏರಿಯ ಮೇಲೆ ಸೇರಿದ್ದೆವು.

ಕಡಲೆಕಾಯಿ ಮುಗಿದು, ಮಾತು ಮುಗಿಯದೆ, ಏಳಲು ಯಾರಿಗೂ ಮನಸ್ಸಿಲ್ಲದ ಹೊತ್ತಿನಲ್ಲಿ ಪುಣೆಗೆ ಹೋಗುವವನೇ ಕೇಳಿದ. “ಬೆಂಗಳೂರಿಗೆ ಹೋಗಿ ಬರೋಣ್ವಾ?”

“ಯಾವಾಗ?”

“ಈಗ್ಲೇ ಕಣ್ರೋ. ಬಸ್ ಸ್ಟ್ಯಾಂಡ್ ಇಲ್ಲೇ ಇದ್ಯಲ್ಲ.”

ಹೂವಿನ ತೋಟದವನ ಹತ್ತಿರ ಕಾರಿತ್ತು. ಅದು ಬೇಡ ಎಂದದ್ದು ನರ್ಸ್ ಗೆಳತಿ. ಹೆದ್ದಾರಿಯಲ್ಲಿ ಬೆಳಗಿನ ಜಾವ ನಿದ್ದೆಗಣ್ಣಲ್ಲಿ ಗಾಡಿ ಓಡಿಸಿ ಬಂದವರನ್ನು ಅವಳು ಸ್ಟ್ರೆಚರ್ ಮೇಲೆ ನೋಡುತ್ತಲೇ ಇರುತ್ತಾಳೆ. ಅದೂ ಅಲ್ಲದೆ ಇಬ್ಬರು ಬಿಯರ್ ಕುಡಿಯುವವರಿದ್ದರು. ರಕ್ತದಲ್ಲಿ 100 ಮಿಲಿಲೀಟರಿಗೆ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯವಿದ್ದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ. ದಂಡದ ಮಾತು ಹಾಗಿರಲಿ, ಕಾರು ಬಿಟ್ಟು ಹೊರಟಿದ್ದು ಆ ರಾತ್ರಿ ನಾವು ಮಾಡಿದ ಅತ್ಯಂತ ಒಳ್ಳೆಯ ತೀರ್ಮಾನ. ಹೊಸಕೋಟೆ ಬಿರಿಯಾನಿ, ನಂದಿ ಬೆಟ್ಟದ ಸೂರ್ಯೋದಯ ಎಂದು ಆಮೇಲೆ ಎದ್ದ ಆಸೆಗಳೆಲ್ಲ ಇದರಿಂದ ತಾನಾಗಿಯೇ ತಣ್ಣಗಾದವು.

ಬಸ್ಸು ಹತ್ತುವ ಮೊದಲು ಎಲ್ಲರೂ ಮನೆಗೆ ಫೋನ್ ಮಾಡಿದೆವು. ನಮ್ಮಮ್ಮ ಕೇಳಿದ್ದು ಎರಡೇ ಪ್ರಶ್ನೆ: “ಯಾರ್ಯಾರಿದ್ದೀರಾ? ಎಷ್ಟೊತ್ತಿಗೆ ಬರ್ತೀರಾ?” ಮೊದಲನೆಯದಕ್ಕೆ ಉತ್ತರ ಸಲೀಸಾಗಿತ್ತು. ಎರಡನೆಯದಕ್ಕೆ “ಹನ್ನೆರಡರೊಳಗೆ” ಎಂದೆ. ಸೂಪರ್‌ವೈಸರ್ ಮನೆಯಲ್ಲಿ ಹೇಳಿದ್ದು “ಬೆಳಿಗ್ಗೆ”. ಪುಣೆಯವನು ಸಮಯವನ್ನೇ ಹೇಳಲಿಲ್ಲ. ಒಂದೇ ಬಸ್ಸಿನಲ್ಲಿ ಕೂತ ಐವರ ತಲೆಯಲ್ಲಿ ವಾಪಸಾಗುವ ಹೊತ್ತು ಬೇರೆ ಬೇರೆಯಾಗಿತ್ತು. ಅದು ನಮಗೇ ಗೊತ್ತಿರಲಿಲ್ಲ. ಈ ಪ್ರಕರಣದ ಗಂಟು ಇರುವುದು ಇಲ್ಲೇ.

ನಾವಿಬ್ಬರು ಹೆಂಗಸರು ಆಧಾರ್ ತೋರಿಸಿ ಶೂನ್ಯ ಟಿಕೆಟ್ ತೆಗೆದುಕೊಂಡೆವು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಇಂಥ ದಿಢೀರ್ ಪ್ರಯಾಣದ ಲೆಕ್ಕವೇ ಬದಲಾಗಿದೆ. ಇದನ್ನು ದೇವಸ್ಥಾನಕ್ಕೆ ಹೋಗುವವರ ಯೋಜನೆ ಎಂದು ಹಗುರವಾಗಿ ಮಾತಾಡುವವರಿದ್ದಾರೆ. ತಿಂಗಳ ಕೊನೆಯಲ್ಲಿ ಸಂಬಳವಿಲ್ಲದ ಅತಿಥಿ ಉಪನ್ಯಾಸಕಿಯೊಬ್ಬಳು ಗೆಳೆಯರು ಕರೆದ ಕೂಡಲೇ “ನಡೀರಿ” ಎನ್ನುವಂತಾದದ್ದನ್ನು ನಾನು ದೊಡ್ಡ ವಿಷಯ ಎಂದೇ ತಿಳಿದಿದ್ದೇನೆ.

ಹತ್ತರವರೆಗೆ ಎಲ್ಲ ಸುಗಮ

ನೆಲಮಂಗಲ ದಾಟಿ ಮಾದಾವರದಲ್ಲಿ ಇಳಿದೆವು. 2024ರ ನವೆಂಬರಿನಲ್ಲಿ ಹಸಿರು ಮಾರ್ಗ ನಾಗಸಂದ್ರದಿಂದ ಇಲ್ಲಿಯವರೆಗೆ ಬಂದದ್ದು ತುಮಕೂರು ಕಡೆಯವರಿಗೆ ಸಿಕ್ಕ ವರ. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಬಸ್ಸು ನಿಂತು ನಿಂತು ಪ್ರಾಣ ಹೋಗುವುದು ತಪ್ಪಿತು. ಬದಲಾಗದೆ ನೇರ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದು, ಸಜ್ಜನ್ ರಾವ್ ವೃತ್ತದ ತಿಂಡಿ ಬೀದಿಗೆ ನಡೆದೆವು.

ವಿ.ವಿ. ಪುರಂನ ಆ ಬೀದಿಯನ್ನು ವರ್ಣಿಸುತ್ತ ಕೂತರೆ ಪ್ರಕರಣ ಮುಂದೆ ಸಾಗುವುದಿಲ್ಲ. ಹೋಳಿಗೆ ಬೇಯುವ ಕಾವಲಿಯ ಮುಂದೆ ನಿಂತು ಪುಣೆಯವನು “ಇದು ಅಲ್ಲಿ ಸಿಗುತ್ತೇನ್ರೋ” ಎಂದು ಕೇಳಿದ್ದನ್ನಷ್ಟೇ ಹೇಳುತ್ತೇನೆ. ಪುರಣಪೋಳಿ ಸಿಗುತ್ತದೆ ಎಂದು ಯಾರೋ ಅಂದರು. ಅವನು ಒಪ್ಪಲಿಲ್ಲ. ಇನ್ನೊಂದು ಕಾಯಿ ಹೋಳಿಗೆ ತೆಗೆದುಕೊಂಡ, ತುಪ್ಪ ಜಾಸ್ತಿ ಹಾಕಿಸಿಕೊಂಡು.

ಹತ್ತರ ಹೊತ್ತಿಗೆ ಮತ್ತೆ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಗಿ ಎಂ.ಜಿ. ರೋಡಿಗೆ ಬಂದೆವು. ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳು ಬಾಗಿಲು ಹಾಕಿದ್ದವು. ಆದರೆ ಕಲ್ಲು ಹಾಸಿದ ಆ ರಸ್ತೆಯಲ್ಲಿ ಜನ ಇನ್ನೂ ಜಾತ್ರೆ. ಗಿಟಾರ್ ಹಿಡಿದು ಹಾಡುವವರು, ಸುಮ್ಮನೆ ಗೋಡೆಗೊರಗಿ ನಿಂತವರು, ಯಾರದೋ ಹುಟ್ಟುಹಬ್ಬದ ಕೇಕು. ಒಂದು ಮಹಡಿ ಹತ್ತಿ ಜಾಗ ಹಿಡಿದು ಕೂತೆವು.

ಹತ್ತೂ ನಲವತ್ತು

ನರ್ಸ್ ಗೆಳತಿ ಫೋನ್ ನೋಡಿ ಹೇಳಿದಳು. “ಈಗ ಎದ್ರೆ ಕೊನೇ ಮೆಟ್ರೋ ಸಿಗುತ್ತೆ. ಮೆಜೆಸ್ಟಿಕ್‌ಗೆ ಹೋದ್ರೆ ದಾವಣಗೆರೆ, ಹುಬ್ಬಳ್ಳಿ ಕಡೆ ಯಾವ್ದಾದ್ರೂ ಬಸ್ ಹಿಡೀಬಹುದು.”

ಆಗಷ್ಟೇ ಊಟಕ್ಕೆ ಹೇಳಿದ್ದೆವು. ಹತ್ತು ನಿಮಿಷ ನೋಡೋಣ ಎಂದ ಸೂಪರ್‌ವೈಸರ್. ಪುಣೆಯವನು ಏನೂ ಹೇಳದೆ ಎಲ್ಲರ ಮುಖ ನೋಡಿದ. ನಾನು ಹೊರಡುವ ಪಕ್ಷ, ಆದರೆ ಅವನ ಮುಖ ನೋಡಿ ಬಾಯಿ ಬಿಡಲಿಲ್ಲ. ಇರೋಣ ಎಂದು ಯಾರೂ ತೀರ್ಮಾನಿಸಲಿಲ್ಲ, ಹೊರಡೋಣ ಎಂದೂ ಇಲ್ಲ. ಹನ್ನೊಂದೂ ಹತ್ತಕ್ಕೆ ತೀರ್ಮಾನ ತಾನಾಗಿಯೇ ಆಗಿಹೋಗಿತ್ತು.

ಇದರ ಹಿಂದಿನ ವ್ಯವಸ್ಥೆಯನ್ನು ಸ್ವಲ್ಪ ನೋಡಬೇಕು. ನಮ್ಮ ಮೆಟ್ರೋದ ಕೊನೆಯ ರೈಲುಗಳು ತುದಿ ನಿಲ್ದಾಣಗಳಿಂದ ಹೊರಡುವುದು ಸುಮಾರು ಹನ್ನೊಂದಕ್ಕೆ, ಮೆಜೆಸ್ಟಿಕ್‌ನಿಂದ ಅರ್ಧ ಗಂಟೆ ತಡವಾಗಿ. 2024ರ ಆಗಸ್ಟಿನಲ್ಲಿ ಸರ್ಕಾರ ನಗರದ ಬಾರು, ಹೋಟೆಲು, ಕ್ಲಬ್ಬುಗಳಿಗೆ ರಾತ್ರಿ ಒಂದರವರೆಗೆ ತೆರೆದಿರಲು ಅನುಮತಿ ಕೊಟ್ಟಿತು. ಅಂದರೆ ಕೂರಿಸಿ ಊಟ ಬಡಿಸುವ ನಗರ ಒಂದರವರೆಗೆ, ಮನೆಗೆ ಕರೆದುಕೊಂಡು ಹೋಗುವ ನಗರ ಹನ್ನೊಂದರವರೆಗೆ. ನಡುವಿನ ಹೊತ್ತನ್ನು ಆಟೋ, ಕ್ಯಾಬಿನವರ ಬಾಯಿಗೆ ಬಿಟ್ಟಿದೆ. ಇನ್ನು ಬೆಳಿಗ್ಗೆ ನೋಡಿದರೆ, ವಾರದ ದಿನಗಳಲ್ಲಿ ಐದಕ್ಕೇ ಶುರುವಾಗುವ ಮೆಟ್ರೋ ಭಾನುವಾರ ಏಳಕ್ಕೆ ಶುರು. ಜನ ಅತಿ ಹೆಚ್ಚು ಹೊರಗಿರುವ ಶನಿವಾರ ರಾತ್ರಿಗೇ ಅತಿ ದೊಡ್ಡ ಅಂತರ ಬಿದ್ದಿದೆ.

ಹನ್ನೊಂದೂವರೆಗೆ ಅಮ್ಮನಿಗೆ ಫೋನ್ ಮಾಡಿದೆ. ಬೈಗುಳಕ್ಕೆ ಸಿದ್ಧಳಾಗಿದ್ದೆ. ಅಮ್ಮ ಕೇಳಿದ್ದು ಬೇರೆ. “ಈಗ ಹೊರಟ್ರೆ ಎಲ್ಲಿ ಇಳಿಸ್ತಾರೆ?”

ದೂರದ ಊರಿನ ರಾತ್ರಿ ಬಸ್ಸುಗಳಲ್ಲಿ ಬಹಳಷ್ಟು ತುಮಕೂರಿನ ಒಳಗೆ ಬರುವುದಿಲ್ಲ. ಕ್ಯಾತ್ಸಂದ್ರದ ಹತ್ತಿರವೋ ಬೈಪಾಸಿನ ಮೇಲೋ ಇಳಿಸಿ ಹೋಗುತ್ತವೆ. ಒಂದೂವರೆ, ಎರಡು ಗಂಟೆಯ ಹೊತ್ತಿಗೆ ಅಲ್ಲಿ ಆಟೋ ಇರುವುದಿಲ್ಲ. ಸರ್ವಿಸ್ ರೋಡಿನಲ್ಲಿ ಲಾರಿಗಳು ಸಾಲಾಗಿ ನಿಂತಿರುತ್ತವೆ, ಬೀದಿದೀಪ ಇದ್ದರೆ ಇದೆ. ಅಲ್ಲಿಂದ ನಮ್ಮ ಬಡಾವಣೆಗೆ ಮೂರು ಕಿಲೋಮೀಟರಿಗೂ ಹೆಚ್ಚು. ಅಮ್ಮ ಇದನ್ನೆಲ್ಲ ಒಂದು ಕ್ಷಣದಲ್ಲಿ ತೂಗಿ ಹೇಳಿದರು. “ಬೇಡ. ಜನ ಇರೋ ಕಡೆ ಇರಿ. ಬೆಳಕು ಹರಿದ್ಮೇಲೆ ಬನ್ನಿ.”

ಹೆಣ್ಣುಮಕ್ಕಳು ರಾತ್ರಿ ದೊಡ್ಡ ಊರಿಗೆ ಹೋಗುವುದು ಅಪಾಯ ಎಂದು ಎಲ್ಲರೂ ಹೇಳುತ್ತಾರೆ. ಆ ರಾತ್ರಿ ಅತಿ ಅಪಾಯದ ಜಾಗ ನಮ್ಮೂರಿನ ಬೈಪಾಸು. ಬೆಂಗಳೂರಿನ ಜನಜಂಗುಳಿಯೇ ನಮಗೆ ಹೆಚ್ಚು ಸುರಕ್ಷಿತವಾಗಿತ್ತು. ದಿನವೂ ಅಡುಗೆಮನೆಯ ಕಿಟಕಿಯಿಂದ ಊರು ನೋಡುವ ಅಮ್ಮನಿಗೆ ಅದು ನಮ್ಮೆಲ್ಲರಿಗಿಂತ ಬೇಗ ಹೊಳೆಯಿತು.

ಒಂದರ ನಂತರ

ಬಾಗಿಲು ಹಾಕುವ ಹೊತ್ತಾಯಿತೆಂದು ಮಹಡಿಯ ದೀಪಗಳು ಒಂದು ಗಂಟೆಗೆ ಒಂದೊಂದಾಗಿ ಹೊತ್ತಿಕೊಂಡವು. ಬಿಲ್ಲು ಕೊಟ್ಟು ಕೆಳಗಿಳಿದಾಗ ಬೀದಿಯಲ್ಲಿದ್ದವರೆಲ್ಲ ಒಟ್ಟಿಗೆ ಆಟೋ ಹುಡುಕುತ್ತಿದ್ದರು.

ರೂಮಿಗೆ ಪ್ರಯತ್ನಿಸಿದೆವು. ಒಂದು ಲಾಡ್ಜಿನ ಕೌಂಟರಿನಲ್ಲಿದ್ದವರು ಐದು ಆಧಾರ್ ಕಾರ್ಡನ್ನೂ ನೋಡಿ, ನಮ್ಮಿಬ್ಬರ ಮುಖ ನೋಡಿ, “ಹಿಂಗೆಲ್ಲಾ ಕೊಡಲ್ಲಮ್ಮ” ಎಂದರು. ಎರಡು ರೂಮು ಬೇರೆ ಬೇರೆ ತಗೊಳ್ತೀವಿ ಎಂದರೂ ಇಲ್ಲ. ಮದುವೆಯಾಗದ ವಯಸ್ಕರು ಒಟ್ಟಿಗೆ ತಂಗಬಾರದೆಂದು ಯಾವ ಕಾನೂನೂ ಇಲ್ಲ, ಅದು ಆಯಾ ಲಾಡ್ಜಿನವರ ನಿಯಮ. ರಾತ್ರಿ ಒಂದೂಕಾಲಕ್ಕೆ ಅದನ್ನು ವಾದಿಸಲು ಯಾರಿಗೂ ತ್ರಾಣವಿರಲಿಲ್ಲ.

ನಮಗೆ ಬಡಿಸಿದ್ದ ವೇಟರ್ ಅಣ್ಣ ಅಷ್ಟರಲ್ಲಿ ಬಟ್ಟೆ ಬದಲಿಸಿ ಹಿಂಬಾಗಿಲಿನಿಂದ ಬಂದರು. ಹಾಸನದ ಕಡೆಯವರು. ಮನೆಗೆ ಹೇಗೆ ಹೋಗ್ತೀರಣ್ಣ ಎಂದು ಕೇಳಿದೆ. “ಮನೆ ಅಲ್ಲಮ್ಮ, ರೂಮು. ಆರು ಜನ ಸೇರಿ ಮಾಡ್ಕೊಂಡಿದೀವಿ, ಶಾಂತಿನಗರದ ಹತ್ರ. ನಡ್ಕೊಂಡು ಹೋಗ್ತೀವಿ. ದೂರ ರೂಮ್ ಮಾಡಿದ್ರೆ ಬಾಡಿಗೆ ಕಮ್ಮಿ, ಆದ್ರೆ ದಿನಾ ಆಟೋಗೇ ಸಂಬಳ ಹೋಗುತ್ತೆ.” ಹನ್ನೊಂದಕ್ಕೆ ಮೆಟ್ರೋ ನಿಲ್ಲಿಸುವುದರ ಬೆಲೆಯನ್ನು ನಿಜವಾಗಿ ತೆರುತ್ತಿರುವವರು ಇವರು. ನಮ್ಮದು ಒಂದು ರಾತ್ರಿಯ ಪೇಚಾಟ. ಇವರು ಆ ಎರಡು ಗಂಟೆಗೋಸ್ಕರ ಒಂದು ಕೋಣೆಯಲ್ಲಿ ಆರು ಜನ ಮಲಗುತ್ತಾರೆ.

ಎಲ್ಲಿಗೆ ಹೋಗುವುದು? ವಿಮಾನ ನಿಲ್ದಾಣದ ಬಸ್ಸು ರಾತ್ರಿಯಿಡೀ ಓಡುತ್ತದೆ, ಅದರಲ್ಲಿ ಹೋಗಿ ಕೂತು ಬರೋಣ ಎಂದ ಸೂಪರ್‌ವೈಸರ್. ರೈಲು ನಿಲ್ದಾಣದ ವೇಟಿಂಗ್ ರೂಮಿಗೆ ಟಿಕೆಟ್ ಬೇಕು. ಫುಟ್‌ಪಾತಿನ ಕಟ್ಟೆಯ ಮೇಲೆ ಕೂತು ಇದನ್ನೇ ಮಾತಾಡುತ್ತಿದ್ದಾಗ ಗಸ್ತಿನ ಪೊಲೀಸ್ ಗಾಡಿ ನಿಂತಿತು. ಇಳಿದವರು ಮರ್ಯಾದೆಯಿಂದಲೇ ಮಾತಾಡಿಸಿ, ಎಲ್ಲಿಯವರು ಎಂದು ಕೇಳಿ, ಇಲ್ಲಿ ಕೂರಬೇಡಿ ಎಂದು ಹೇಳಿ ಹೋದರು. 2022ರ ಡಿಸೆಂಬರಿನಲ್ಲಿ ರಾತ್ರಿ ನಡೆದು ಮನೆಗೆ ಹೋಗುತ್ತಿದ್ದ ದಂಪತಿಯಿಂದ ದುಡ್ಡು ಕಿತ್ತ ಇಬ್ಬರು ಪೊಲೀಸರು ಅಮಾನತಾದದ್ದು ನೆನಪಿದ್ದುದರಿಂದ ನಮ್ಮ ಎದೆ ಢವಢವ ಎನ್ನುತ್ತಿತ್ತು, ಅಷ್ಟೆ. ಆದರೆ “ಇಲ್ಲಿ ಕೂರಬೇಡಿ” ಎಂದ ಮೇಲೆ ಎಲ್ಲಿ ಕೂರಬಹುದು? ದುಡ್ಡು ಕೊಡದೆ, ಬೆಳಕಿನಲ್ಲಿ, ಶೌಚಾಲಯವಿರುವ ಕಡೆ ಒಬ್ಬ ಮನುಷ್ಯ ರಾತ್ರಿ ಎರಡಕ್ಕೆ ಕೂರುವ ಜಾಗ ಅಲ್ಲಿ ಸುತ್ತಮುತ್ತ ನಮಗೆ ಕಾಣಲಿಲ್ಲ. ಮೆಟ್ರೋ ನಿಲ್ದಾಣದ ಶೌಚಾಲಯ ನಿಲ್ದಾಣದೊಂದಿಗೇ ಮುಚ್ಚಿರುತ್ತದೆ. ಗಂಡಸರಿಗೆ ಈ ಸಂಗತಿ ತಲೆಗೇ ಹೋಗಿರಲಿಲ್ಲ. ನಾವಿಬ್ಬರೂ ಹನ್ನೆರಡರಿಂದ ನೀರು ಕುಡಿಯುವುದನ್ನೇ ಬಿಟ್ಟಿದ್ದೆವು.

ಕಡೆಗೆ ಹೂವಿನ ತೋಟದವನು ಎದ್ದ. “ಮಾರ್ಕೆಟ್ಟಿಗೆ ನಡೀರಿ. ಇಷ್ಟೊತ್ತಿಗೆ ನಮ್ಮ ಕಡೆ ಗಾಡಿ ಬಂದಿರುತ್ತೆ.”

ಐದು ಜನ ಎಂಬುದು ಎಷ್ಟು ಕೆಟ್ಟ ಸಂಖ್ಯೆ ಎಂದು ಆಗ ತಿಳಿಯಿತು. ಆಟೋಗೆ ಮೂವರು, ಕ್ಯಾಬಿಗೆ ನಾಲ್ವರು. ಒಬ್ಬರಿಗಾಗಿ ಎರಡನೇ ಗಾಡಿ ಬೇಕು. 2025ರ ಆಗಸ್ಟಿನಿಂದ ಆಟೋಗೆ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18, ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಒಂದೂವರೆ ಪಟ್ಟು. ಐದು ಕಿಲೋಮೀಟರ್ ಎಂದಿಟ್ಟುಕೊಂಡರೂ 135 ರೂಪಾಯಿ. ಕೇಳಿದ್ದು 400, ಚೌಕಾಸಿ ಮಾಡಿ ಒಪ್ಪಿದ್ದು 300, ಎರಡು ಆಟೋಗೆ 600.

ಹತ್ತುವ ಮೊದಲು ನರ್ಸ್ ಗೆಳತಿ ಹಂಚಿದಳು. ಅವಳ ಆಟೋದಲ್ಲಿ ಇಬ್ಬರು ಹುಡುಗರು, ನನ್ನ ಜೊತೆ ಹೂವಿನವನು. ಎಲ್ಲರೂ ಲೊಕೇಶನ್ ಆನ್ ಮಾಡಿ, ಗಾಡಿ ನಂಬರಿನ ಫೋಟೋ ಗ್ರೂಪಿಗೆ ಹಾಕಬೇಕು. ಹೊರಟು ಸ್ವಲ್ಪ ಹೊತ್ತಿಗೆ ಅವರ ಚುಕ್ಕೆ ನಕ್ಷೆಯಲ್ಲಿ ಕಸ್ತೂರ್ಬಾ ರಸ್ತೆ ಬಿಟ್ಟು ರಿಚ್ಮಂಡ್ ವೃತ್ತದ ಕಡೆ ತಿರುಗಿತು. ಫೋನ್ ಮಾಡಿದರೆ ಎತ್ತಲಿಲ್ಲ. ಹೂವಿನವನು ಏನೂ ಆಗಿಲ್ಲ ಬಿಡು ಎನ್ನುತ್ತಲೇ ಇದ್ದ, ಆದರೆ ಅವನ ಬೆರಳು 112 ಒತ್ತಿ ಇಟ್ಟುಕೊಂಡಿತ್ತು. ಹಡ್ಸನ್ ವೃತ್ತದ ಹತ್ತಿರ ಅವಳೇ ಕರೆ ಮಾಡಿದಳು. ಕಸ್ತೂರ್ಬಾ ರಸ್ತೆಯಲ್ಲಿ ಬ್ಯಾರಿಕೇಡ್ ಹಾಕುತ್ತಿದ್ದರಂತೆ, ಚಾಲಕ ಬೇರೆ ದಾರಿ ಹಿಡಿದರಂತೆ, ಫೋನು ಬ್ಯಾಗಿನೊಳಗಿತ್ತಂತೆ. ಆ ಹತ್ತು ನಿಮಿಷದ ಬಗ್ಗೆ ಇಂದಿಗೂ ನಮ್ಮ ಗುಂಪಿನಲ್ಲಿ ಯಾರೂ ತಮಾಷೆ ಮಾಡುವುದಿಲ್ಲ.

ಹೂವಿನ ಮಾರುಕಟ್ಟೆ

ಕೆ.ಆರ್. ಮಾರುಕಟ್ಟೆಯ ಮುಂದೆ ಇಳಿದಾಗ ಎರಡೂಮುಕ್ಕಾಲು. ಚರ್ಚ್ ಸ್ಟ್ರೀಟಿನಲ್ಲಿ ಎಲ್ಲರೂ ಜಾಗ ಖಾಲಿ ಮಾಡುತ್ತಿದ್ದ ಹೊತ್ತಿಗೆ ಇಲ್ಲಿ ದಿನ ಶುರುವಾಗಿತ್ತು. ಶಿವನಸಮುದ್ರದ ಕರೆಂಟು 1905ರಲ್ಲಿ ಬೆಂಗಳೂರಿಗೆ ಬಂದಾಗ ಮೊದಲು ಬೀದಿದೀಪ ಹತ್ತಿದ್ದು ಈ ಭಾಗದಲ್ಲೇ. ಊರಿನಲ್ಲಿ ರಾತ್ರಿ ಎಚ್ಚರವಿರುವುದು ಇಲ್ಲಿಯವರಿಗೆ ಹೊಸದೇನಲ್ಲ.

ಗಾಡಿಗಳಿಂದ ಮೂಟೆಗಳು ಇಳಿಯುತ್ತಿದ್ದವು. ಸೇವಂತಿಗೆ, ಚೆಂಡುಹೂವು, ಸುಗಂಧರಾಜ, ಒದ್ದೆ ಬಟ್ಟೆ ಹೊದಿಸಿದ ಬುಟ್ಟಿಯಲ್ಲಿ ಕನಕಾಂಬರ. ಒಬ್ಬ ಹೆಂಗಸು ಕಾಲು ಚಾಚಿ ಕೂತು ಬಾಳೆನಾರಿನಲ್ಲಿ ಕಾಕಡ ಕಟ್ಟುತ್ತಿದ್ದರು. ಎಡಗೈಯಲ್ಲಿ ಎರಡೆರಡು ಮೊಗ್ಗು ಎದುರುಬದುರಾಗಿ ಇಟ್ಟು, ಬಲಗೈಯಿಂದ ನಾರನ್ನು ಸುತ್ತಿ, ಕುಣಿಕೆ ಹಾಕಿ ಎಳೆಯುವುದು. ಕಣ್ಣು ಮಾತ್ರ ಗಿರಾಕಿಗಳ ಮೇಲೆ. ನನ್ನನ್ನು ನೋಡಿ ಸ್ವಲ್ಪ ಸರಿದು ಗೋಣಿಚೀಲ ತೋರಿಸಿದರು. “ನಿಂತ್ಕೊಂಡೇ ಇದೀಯಲ್ಲಮ್ಮ, ಕೂತ್ಕೋ.” ಅಷ್ಟು ಹೊತ್ತಿನಲ್ಲಿ ಕೂರು ಎಂದು ಹೇಳಿದ ಮೊದಲ ಜೀವ ಅದು. ಹಿಂದುಗಡೆ ಇದ್ದ ಶೌಚಾಲಯಕ್ಕೂ ಅವರೇ ದಾರಿ ತೋರಿಸಿದರು.

ಹೂವಿನವನು ತನ್ನ ಕಡೆಯ ಗಾಡಿಯನ್ನು ಹುಡುಕಿ ಹಿಡಿದ. ಕೊರಟಗೆರೆ ಕಡೆಯ ಇಬ್ಬರು ಬೆಳೆಗಾರರು ಮಂಡಿಯವನೊಂದಿಗೆ ಸೇವಂತಿಗೆಯ ದರಕ್ಕೆ ಜಗ್ಗಾಡುತ್ತಿದ್ದರು. ನಮ್ಮ ಮಾತಿನ ರಾಗ ಕೇಳಿಯೇ ಒಬ್ಬರು ತಿರುಗಿದರು. “ಯಾವೂರ್ ಮಕ್ಳು? ತುಮ್ಕೂರಾ? ಇಲ್ಲೇನ್ ಮಾಡ್ತಿದೀರಾ ಇಷ್ಟೊತ್ನಲ್ಲಿ?” ಸತ್ಯ ಹೇಳಿದೆವು. ನಗಲಿಲ್ಲ, ಬುದ್ಧಿಯೂ ಹೇಳಲಿಲ್ಲ. ಟೀ ಕೊಡಿಸಿದರು. ಗಾಡಿ ಖಾಲಿಯಾದ ಮೇಲೆ ಹಿಂದೆ ಕೂತು ಬನ್ನಿ ಎಂದೂ ಕರೆದರು. ಅಷ್ಟರಲ್ಲಿ ಪುಣೆಯವನು ಬೆಳೆಗಾರರ ಜೊತೆ ಮೂಟೆಗೆ ಕೈ ಹಾಕಿ ಇಳಿಸುತ್ತಿದ್ದ. ಬೆಂಗಳೂರು ನೋಡಬೇಕೆಂದು ಹೊರಟವನು ಆ ರಾತ್ರಿ ಅತ್ಯಂತ ಖುಷಿಯಾಗಿದ್ದದ್ದು ಆಗಲೇ ಎಂದು ಅವನೇ ನಂತರ ಹೇಳಿದ.

ಐದರ ಹೊತ್ತಿಗೆ ಬಿಎಂಟಿಸಿ ಬಸ್ಸು ಹಿಡಿದು ಮೆಜೆಸ್ಟಿಕ್‌ಗೆ, ಅಲ್ಲಿಂದ ತುಮಕೂರಿನ ಬಸ್ಸಿಗೆ. ಇಳಿದಾಗ ಬೆಳಕಾಗಿತ್ತು, ನಿಲ್ದಾಣದಲ್ಲಿ ಆಟೋಗಳಿದ್ದವು.

ಲೆಕ್ಕ ಹಾಕಿದಾಗ

ದಿಢೀರನೆ ಹೊರಟಿದ್ದೇ ತಪ್ಪು, ಮೊದಲೇ ಯೋಜನೆ ಮಾಡಿಕೊಳ್ಳಬೇಕಿತ್ತು ಎಂದು ಕೆಲವರು ಹೇಳಿದರು. ನಾನು ಒಪ್ಪುವುದಿಲ್ಲ. ಯೋಜನೆ ಮಾಡುತ್ತ ಕೂತಿದ್ದರೆ ಒಬ್ಬರಿಗೆ ಶಿಫ್ಟು, ಒಬ್ಬರಿಗೆ ಮೌಲ್ಯಮಾಪನ, ಇನ್ನೊಬ್ಬನಿಗೆ ಹೂವಿನ ಕೊಯ್ಲು. ಪುಣೆಯ ರೈಲು ಹೊರಟುಹೋಗುತ್ತಿತ್ತು. ಎಲ್ಲಿ ತಿನ್ನುವುದು, ಎಲ್ಲಿ ಅಲೆಯುವುದು ಎಂಬುದನ್ನು ಕಾಲಿಗೇ ಬಿಟ್ಟರೆ ಚೆನ್ನ. ಬಸ್ಸು ಹತ್ತುವ ಮೊದಲು ಒಂದೇ ಒಂದು ಮಾತು ಆಗಬೇಕಿತ್ತು: ಹನ್ನೊಂದಕ್ಕೆ ಹೊರಡುವುದೋ, ಬೆಳಕಾಗುವವರೆಗೆ ಇರುವುದೋ. ಎರಡೂ ಸರಿಯೇ. ಇವೆರಡರ ನಡುವೆ, ನಡುರಾತ್ರಿ ಒಂದಕ್ಕೆ ಹೊರಡುತ್ತೇವೆ ಎನ್ನುವುದಕ್ಕೆ ಮಾತ್ರ ಪಕ್ಕದ ಊರಿನವರಿಗೆ ದಾರಿಯಿಲ್ಲ.

ದಾರಿ ಮಾಡಲು ಆಗದ್ದೇನಲ್ಲ. ಮೆಟ್ರೋ ರಾತ್ರಿಯಿಡೀ ಓಡಲಾರದು ಎಂಬುದಕ್ಕೆ ಕಾರಣವಿದೆ. ಹಳಿಯ ಪಕ್ಕದ ಮೂರನೇ ಹಳಿಯಲ್ಲಿ 750 ವೋಲ್ಟ್ ವಿದ್ಯುತ್ ಹರಿಯುತ್ತಿರುತ್ತದೆ, ಅದನ್ನು ಕಡಿತ ಮಾಡಿಯೇ ಸಿಬ್ಬಂದಿ ಹಳಿಗೆ ಇಳಿದು ದುರಸ್ತಿ ನೋಡಬೇಕು. ಆದರೆ ಹೊಸ ವರ್ಷದ ಹಿಂದಿನ ರಾತ್ರಿ ಇದೇ ಮೆಟ್ರೋ ಎರಡರವರೆಗೂ ಓಡಿದೆ, ಕ್ರಿಕೆಟ್ ಪಂದ್ಯವಿದ್ದ ದಿನ ಹೊತ್ತು ಮೀರಿ ಓಡಿದೆ. ಲಂಡನ್ನಿನಲ್ಲಿ 2016ರಿಂದ ಶುಕ್ರವಾರ, ಶನಿವಾರ ರಾತ್ರಿ ಕೆಲವು ಮಾರ್ಗಗಳಲ್ಲಿ ಬೆಳಗಿನವರೆಗೂ ರೈಲಿದೆ. ಭಾನುವಾರ ಏಳಕ್ಕೆ ಶುರುವಾಗುವ ಮೆಟ್ರೋ ಶನಿವಾರ ರಾತ್ರಿ ಎರಡು ಗಂಟೆ ಹೆಚ್ಚು ಓಡಿದರೂ ದುರಸ್ತಿಗೆ ಐದು ಗಂಟೆ ಉಳಿಯುತ್ತದೆ. ಇದು ಮೋಜಿಗೆ ಬಂದವರಿಗಿಂತ ಮೊದಲು ಆ ವೇಟರ್ ಅಣ್ಣನಂಥವರಿಗೆ ಸಲ್ಲಬೇಕಾದದ್ದು.

ತುಮಕೂರಿನ ಕಡೆಯಿಂದಲೂ ಒಂದು ಕೆಲಸ ಆಗಬೇಕು. ಹತ್ತರಿಂದ ಐದರವರೆಗೆ ಬೈಪಾಸಿನಲ್ಲಿ ಜನ ಇಳಿಸುವುದಾದರೆ ಅದಕ್ಕೊಂದು ಜಾಗ ಗೊತ್ತುಮಾಡಿ, ದೀಪ ಹಾಕಿ, ಎರಡು ಪ್ರೀಪೇಯ್ಡ್ ಆಟೋ ನಿಲ್ಲಿಸಬೇಕು. ದೊಡ್ಡ ಖರ್ಚಿನ ಬಾಬತ್ತೇನಲ್ಲ. ನರ್ಸ್ ಗೆಳತಿ ಇದನ್ನೇ ಬರೆದು ಐವರ ಸಹಿ ಹಾಕಿಸಿ ನಗರಪಾಲಿಕೆಗೆ ಕೊಟ್ಟಿದ್ದಾಳೆ. ಸ್ವೀಕೃತಿಯ ಸೀಲು ಬಿದ್ದಿದೆ, ಉತ್ತರ ಬಂದಿಲ್ಲ.

ಪುಣೆಯವನು ದೀಪಾವಳಿಗೆ ಬರುತ್ತಾನೆ. ಈ ಸಲ ಶುಕ್ರವಾರ ರಾತ್ರಿ ಹೋಗೋಣ, ಶನಿವಾರ ಬೆಳಿಗ್ಗೆ ಐದಕ್ಕೇ ಮೆಟ್ರೋ ಇರುತ್ತದೆ ಎಂದು ಸೂಪರ್‌ವೈಸರ್ ಗ್ರೂಪಿನಲ್ಲಿ ಹಾಕಿದ್ದಾನೆ. ನರ್ಸ್ ಗೆಳತಿಗೆ ಆ ಶುಕ್ರವಾರ ನೈಟ್ ಡ್ಯೂಟಿ. ಬದಲಿಗೆ ಯಾರಾದರೂ ಸಿಗುತ್ತಾರಾ ಎಂದು ಅವಳು ಕೇಳುತ್ತಿದ್ದಾಳೆ.